ಉತ್ತರಕ್ಕಿಂತ ಮೊದಲು ಮಗುವಿನ ಲೆಕ್ಕ ಕೇಳೋಣ

(ವಿಜಯಪುರ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹರೂಪ)

ಗುರುಬಳಗಕ್ಕೆ ನಮಸ್ಕಾರ.

ನಿಂಬೆಗೆ ಹೆಸರಾದ ಇಂಡಿ ಕಡೆಯವರು ಇಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ನಿಂಬೆಹಣ್ಣಿನ ಲೆಕ್ಕದಿಂದಲೇ ಶುರು ಮಾಡೋಣ. ಮೂರು ಲೆಕ್ಕ ಹೇಳುತ್ತೇನೆ. ಬುಟ್ಟಿಯಲ್ಲಿ 13 ನಿಂಬೆಹಣ್ಣು ಇದ್ದವು, 5 ಮಾರಿದರು, ಎಷ್ಟು ಉಳಿದವು? ಬುಟ್ಟಿಯಲ್ಲಿ 5 ಇವೆ, 13 ಆಗಬೇಕಾದರೆ ಇನ್ನೂ ಎಷ್ಟು ಬೇಕು? ಅಕ್ಕನ ಹತ್ತಿರ 13, ತಮ್ಮನ ಹತ್ತಿರ 5, ಅಕ್ಕನ ಹತ್ತಿರ ಎಷ್ಟು ಜಾಸ್ತಿ?

ನಮಗೆ ಮೂರೂ ಒಂದೇ. 13ರಲ್ಲಿ 5 ಕಳೆದರೆ 8, ಮುಗಿಯಿತು. ಒಂದನೇ ತರಗತಿಯ ಮಗುವಿಗೆ ಇವು ಮೂರು ಬೇರೆ ಬೇರೆ ಲೆಕ್ಕ. ಒಂದು ಹಿಡಿ ಹುಣಸೆಬೀಜ ಕೊಟ್ಟು ಸುಮ್ನೆ ನೋಡುತ್ತ ಕೂತರೆ ಗೊತ್ತಾಗುತ್ತದೆ. ಮೊದಲನೇ ಲೆಕ್ಕಕ್ಕೆ ಮಗು 13 ಬೀಜ ಎಣಿಸಿ ಇಡುತ್ತದೆ, 5 ತೆಗೆಯುತ್ತದೆ, ಉಳಿದದ್ದನ್ನು ಎಣಿಸುತ್ತದೆ. ಎರಡನೆಯದಕ್ಕೆ ಏನನ್ನೂ ತೆಗೆಯುವುದಿಲ್ಲ. 5 ಬೀಜ ಇಟ್ಟು, 13 ಆಗುವವರೆಗೆ ಹಾಕುತ್ತ ಹೋಗಿ, ಆಮೇಲೆ ಹಾಕಿದ್ದನ್ನಷ್ಟೇ ಎಣಿಸುತ್ತದೆ. ಮೂರನೆಯದಕ್ಕೆ ಎರಡು ಸಾಲು ಮಾಡಿ, ಒಂದಕ್ಕೊಂದು ಜೋಡಿಸಿ, ಜೋಡಿ ಸಿಗದೆ ಉಳಿದವನ್ನು ಎಣಿಸುತ್ತದೆ. ಮಗು ಲೆಕ್ಕದ ಕಥೆಯನ್ನೇ ಬೀಜದಲ್ಲಿ ಆಡಿ ತೋರಿಸುತ್ತದೆ. ಇದನ್ನು ಅದಕ್ಕೆ ಯಾರೂ ಕಲಿಸಿಲ್ಲ.

ಈಗ ಇನ್ನೊಂದು ಲೆಕ್ಕ. ಬುಟ್ಟಿಯಲ್ಲಿ ಕೆಲವು ಹಣ್ಣು ಇದ್ದವು, ಅವ್ವ ಇನ್ನೂ 5 ಹಾಕಿದಳು, ಈಗ ಒಟ್ಟು 13 ಆದವು. ಮೊದಲು ಎಷ್ಟಿದ್ದವು? ಇಲ್ಲಿ ಮಗು ನಿಂತುಬಿಡುತ್ತದೆ. ಯಾಕೆ? ಮೊದಲು ಎಷ್ಟು ಬೀಜ ಇಡಬೇಕು ಅನ್ನೋದೇ ಅದಕ್ಕೆ ಗೊತ್ತಿಲ್ಲ. ಕಥೆ ಶುರುವಾಗುವ ಜಾಗವೇ ಖಾಲಿ. ನಾವು ಬೇರೆ ‘ಒಟ್ಟು ಅಂತ ಬಂದ್ರೆ ಕೂಡಿಸು’ ಎಂದು ಹೇಳಿಕೊಟ್ಟಿರುತ್ತೇವೆ. ಮಗು 5ಕ್ಕೆ 13 ಕೂಡಿಸಿ 18 ಬರೆಯುತ್ತದೆ. ಆ 18 ಮಗುವಿನ ದಡ್ಡತನದಿಂದ ಬಂದದ್ದಲ್ಲ, ನಾವು ಕೊಟ್ಟ ಅಡ್ಡದಾರಿಯಿಂದ ಬಂದದ್ದು. ನನ್ನ ಮಟ್ಟಿಗೆ, ಆ ಒಂದು ಸಾಲನ್ನು ನಮ್ಮ ತರಗತಿಗಳಿಂದ ತೆಗೆದುಹಾಕಿದರೆ ಅರ್ಧ ತರಬೇತಿ ಆದ ಹಾಗೆ.

ಶಿಕ್ಷಕರ ತರಬೇತಿಯಲ್ಲಿ ಮಕ್ಕಳು ಲೆಕ್ಕ ಮಾಡುವ ರೀತಿಯನ್ನೇ ಮುಖ್ಯ ಮಾಡಿದರೆ ಏನಾಗುತ್ತದೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಜೊತೆಗಾರರು ಇದನ್ನು ಮಾಡಿ ನೋಡಿದರು. ಒಂದನೇ ತರಗತಿಯ 40 ಶಿಕ್ಷಕರು. ಅವರಲ್ಲಿ ಅರ್ಧ ಜನರಿಗೆ ಬೇಸಿಗೆ ರಜೆಯಲ್ಲಿ 4 ವಾರದ ಕಾರ್ಯಾಗಾರ. ಅಲ್ಲಿ ಸಿದ್ಧ ಪಾಠಯೋಜನೆ ಕೊಡಲಿಲ್ಲ, ಹೀಗೇ ಕಲಿಸಿ ಎಂದು ಹೇಳಲಿಲ್ಲ. ಮಕ್ಕಳು ಯಾವ ಲೆಕ್ಕವನ್ನು ಹೇಗೆ ಬಿಡಿಸುತ್ತಾರೆ ಎಂಬುದನ್ನು ಅವರ ಮುಂದಿಟ್ಟು ಚರ್ಚೆ ಮಾಡಿದರು. ಪಾಠ ಹೇಗೆ ಕಟ್ಟಬೇಕು ಅನ್ನೋದನ್ನು ಶಿಕ್ಷಕರಿಗೇ ಬಿಟ್ಟರು. 1989ರಲ್ಲಿ ಫಲಿತಾಂಶ ಪ್ರಕಟವಾಯಿತು. ಈ ಶಿಕ್ಷಕರು ಕೂಡಿಸುವ-ಕಳೆಯುವ ಬಾಯಿಪಾಠಕ್ಕೆ ಕೊಟ್ಟ ಸಮಯ ಉಳಿದವರಿಗಿಂತ ಕಡಿಮೆ, ಕಥೆ ಲೆಕ್ಕಕ್ಕೆ ಕೊಟ್ಟದ್ದು ಜಾಸ್ತಿ. ಆದರೂ ಆ ಬಾಯಿಪಾಠದ ಲೆಕ್ಕದಲ್ಲೂ ಇವರ ಮಕ್ಕಳೇ ಮುಂದಿದ್ದರು. ‘ಬಾಯಿಪಾಠ ಬಿಟ್ಟರೆ ಮಕ್ಕಳು ಹಾಳಾಗ್ತಾರೆ’ ಎಂದು ಹೆದರುವವರಿಗೆ ನಾನು ಈ ವಿಷಯವನ್ನು ಮತ್ತೆ ಮತ್ತೆ ಹೇಳುತ್ತೇನೆ.

ಇನ್ನು ನಮ್ಮ ಜಿಲ್ಲೆಯದೇ ಒಂದು ಮೂರನೇ ತರಗತಿ. ಒಬ್ಬ ಹುಡುಗಿ ಪಾಟಿ ಮೇಲೆ 52ರಲ್ಲಿ 38 ಕಳೆದು 26 ಬರೆದಿದ್ದಳು. ಅಕ್ಕೋರು, ಅಂದರೆ ಅವಳ ಶಿಕ್ಷಕಿ, ಅಡ್ಡಗೆರೆ ಎಳೆಯಲಿಲ್ಲ. ಪಕ್ಕದಲ್ಲಿ ಕೂತು, ‘ಇದನ್ನ ಹ್ಯಾಂಗ ಮಾಡಿದಿ, ಹೇಳು’ ಅಂದರು.

‘ಎಂಟರಾಗ ಎರಡ ಕಳದ್ರ ಆರ ರೀ. ಐದರಾಗ ಮೂರ ಕಳದ್ರ ಎರಡ ರೀ.’

‘ಹಂಗಾರ ನಿನ್ನ ಕಡೆ 52 ರೂಪಾಯಿ ಅದಾವು. 38 ರೂಪಾಯಿ ಸಾಮಾನ ತಂದಿ. ಎಷ್ಟ ಉಳೀತಾವ?’

ಹುಡುಗಿ ಪಾಟಿ ಕಡೆ ನೋಡಲೇ ಇಲ್ಲ. ‘ಮೂವತ್ತೆಂಟಕ್ಕ ಎರಡ ಹಾಕಿದ್ರ ನಲವತ್ತ. ಮತ್ತ ಹತ್ತ ಹಾಕಿದ್ರ ಐವತ್ತ. ಮ್ಯಾಲ ಎರಡ. ಹದಿನಾಕ ಉಳೀತಾವ ರೀ.’

ಅಕ್ಕೋರು ಕೇಳಿದ್ದು ಇಷ್ಟೇ: ‘ಎರಡರಾಗ ಯಾವ್ದು ಖರೆ?’ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತಾನಾಗಿಯೇ 38ಕ್ಕೆ 26 ಕೂಡಿಸಿ ನೋಡಿದಳು. 64 ಬಂತು. ಪಾಟಿ ಒರೆಸಿ 14 ಬರೆದಳು.

ಬಿಡಿ ಸ್ಥಾನದಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಈ ತಪ್ಪು ನಿಮಗೆಲ್ಲ ಗೊತ್ತು. ಸಾಮಾನ್ಯವಾಗಿ ನಾವು ದಶಕದಿಂದ ಸಾಲ ತರುವುದನ್ನು ಇನ್ನೊಮ್ಮೆ ಬೋರ್ಡಿನ ಮೇಲೆ ತೋರಿಸಿ ಮುಂದೆ ಹೋಗುತ್ತೇವೆ. ಆಗ ಆ ಹುಡುಗಿಯ ತಲೆಯಲ್ಲಿದ್ದ 38, 40, 50, 52ರ ದಾರಿ ಯಾರಿಗೂ ಕಾಣುವುದೇ ಇಲ್ಲ. ಅದು ಎಂಥ ಚೆಂದದ ದಾರಿ! ಸ್ಥಾನಬೆಲೆಯ ತಿಳಿವಳಿಕೆ ಅದರಲ್ಲೇ ಇದೆ. ಪಾಠ ಅಲ್ಲಿಂದ ಶುರುವಾಗಬೇಕು.

ಸಂತೆಗೆ ಹೋಗುವ, ಅಂಗಡಿಯಲ್ಲಿ ಕೂರುವ ಮಕ್ಕಳಲ್ಲಿ ಇದು ಎದ್ದು ಕಾಣುತ್ತದೆ. ಬ್ರೆಜಿಲ್‌ನ ರೆಸೀಫಿ ಊರಿನಲ್ಲಿ ಬೀದಿ ವ್ಯಾಪಾರ ಮಾಡುವ 5 ಮಕ್ಕಳನ್ನು ಸಂಶೋಧಕರು ಮಾತಾಡಿಸಿದ್ದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇ. 98ರಷ್ಟು ಸರಿ. ಅಂಥದೇ ಲೆಕ್ಕವನ್ನು ಕಥೆಯಿಲ್ಲದೆ ಬರೀ ಅಂಕಿಗಳಲ್ಲಿ ಕೊಟ್ಟಾಗ ಸರಿಯಾದದ್ದು ಶೇ. 37 ಮಾತ್ರ. 1985ರಲ್ಲಿ ಪ್ರಕಟವಾದ ಅಧ್ಯಯನ ಇದು. ಮಕ್ಕಳು ಅವೇ, ತಲೆ ಅದೇ. ನಮ್ಮ ಸಂತೆಗಳಲ್ಲಿ ತೂಕ ಮಾಡಿ ಚಿಲ್ಲರೆ ಕೊಡುವ ಮಕ್ಕಳು ಮರುದಿನ ನಮ್ಮ ಬೆಂಚಿನ ಮೇಲೆ ಕೂತಿರುತ್ತಾರೆ ಅಲ್ವಾ?

ಹಾಗಾದರೆ ತರಬೇತಿ ಹೇಗಿರಬೇಕು? ನನಗೆ ಅನ್ನಿಸುವುದು ಇದು: ತರಬೇತಿಯ ಮೇಜಿನ ಮೇಲೆ ಮಕ್ಕಳು ಮಾಡಿದ ಲೆಕ್ಕ ಇರಬೇಕು. ಚಿಕ್ಕ ಮಕ್ಕಳ ಓದು-ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಶುರುವಾಯಿತು, ಅದಕ್ಕೂ ಮುಂಚೆಯೇ ನಮ್ಮಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಇತ್ತು. ಸಾಮಗ್ರಿಗೆ ನಮಗೆ ಅಂಥ ಕೊರತೆಯಿಲ್ಲ. ಕಿಟ್ ಬರುತ್ತದೆ, ಕಾರ್ಡ್ ಬರುತ್ತದೆ, ಮಾಡ್ಯೂಲ್ ಬರುತ್ತದೆ. ಆದರೆ ಹತ್ತರ ಕಟ್ಟು ಮತ್ತು ಬಿಡಿ ಕಡ್ಡಿ ಕೈಗೆ ಕೊಟ್ಟ ಮೇಲೆ ಮಗು ಅದರಿಂದ ಏನು ಮಾಡಿತು ಎಂದು ನಾವು ಎಲ್ಲಿ ಕೂತು ಮಾತಾಡುತ್ತೇವೆ? ಅದಕ್ಕೆ ಜಾಗ ಇದ್ದೇ ಇದೆ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ. ಅಲ್ಲಿ ಸುತ್ತೋಲೆ ಓದಿ, ಮಾಹಿತಿ ತುಂಬಿ ಎದ್ದು ಬರುವ ಬದಲು, ಒಂದು ಗಂಟೆ ಮಕ್ಕಳ ಲೆಕ್ಕಕ್ಕೆ ಇಡೋಣ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿಗಳು) ಇಲ್ಲಿದ್ದೀರಿ, ನಿಮ್ಮಲ್ಲಿ ಇದೊಂದು ಕಳಕಳಿಯ ವಿನಂತಿ.

‘ಒಬ್ಬೊಬ್ಬರನ್ನೂ ಕೇಳ್ತಾ ಕೂತರೆ ಪಾಠ ಮುಗಿಯೋದು ಯಾವಾಗ?’ ಇದು ನ್ಯಾಯವಾದ ಪ್ರಶ್ನೆ. ಎಲ್ಲರನ್ನೂ ಕೇಳಬೇಕಿಲ್ಲ. ಮಕ್ಕಳು ಲೆಕ್ಕ ಮಾಡುವಾಗ ತಿರುಗಾಡಿ ನೋಡಿ, ಮೂವರನ್ನು ಆರಿಸಿಕೊಳ್ಳಿ. ಮೊದಲು ಬೀಜ ಇಟ್ಟು ಮಾಡಿದವರು ತೋರಿಸಲಿ. ಆಮೇಲೆ ಐದರಿಂದ ಮುಂದಕ್ಕೆ ಬೆರಳು ಮಡಚಿ ಎಣಿಸಿದವರು. ಕೊನೆಗೆ, ‘5ಕ್ಕೆ 5 ಹತ್ತು, ಇನ್ನು ಮೂರು’ ಎಂದು ಅಂಕಿಯಲ್ಲೇ ಮಾಡಿದವರು. ಬೆರಳು ಮಡಚುವ ಮಗುವನ್ನು ದಯವಿಟ್ಟು ಗದರಿಸಬೇಡಿ. ಅದು ಬೀಜ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದೆ. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡವರಿಗೂ ಇದು ನಡೆಯುತ್ತದೆ. ಕಥೆ ಒಂದೇ ಇರಲಿ, ಅಂಕಿ ಬದಲಾಗಲಿ. ಚಿಕ್ಕವರಿಗೆ 5 ಮತ್ತು 13, ದೊಡ್ಡವರಿಗೆ 38 ಮತ್ತು 52.

ವಿಸ್ಕಾನ್ಸಿನ್ ತಂಡದವರು ಆಮೇಲೆ ನಡೆಸಿದ ಇಂಥದೇ ಇನ್ನೊಂದು ತರಬೇತಿ ಮುಗಿದು 4 ವರ್ಷವಾದ ಮೇಲೆ ಅದರಲ್ಲಿದ್ದ 22 ಶಿಕ್ಷಕರನ್ನು ಮತ್ತೆ ಹೋಗಿ ಕಂಡರು. ಎಲ್ಲರೂ ಅಷ್ಟೋ ಇಷ್ಟೋ ಇದನ್ನು ಉಳಿಸಿಕೊಂಡಿದ್ದರು. ಅವರಲ್ಲಿ 10 ಜನ ಮಕ್ಕಳಿಂದ ಹೊಸದನ್ನು ಕಲಿಯುತ್ತಲೇ ಇದ್ದರು. ನಮಗೂ ಅಂಥದ್ದೇ ಬೇಕು.

ಹಾಗಾಗಿ ಮುಂದಿನ ಸಭೆಗೆ ಬರುವಾಗ ‘ಮೊದಲು ಎಷ್ಟಿದ್ದವು’ ಲೆಕ್ಕವನ್ನು ನಿಮ್ಮ ಮಕ್ಕಳಿಗೆ ಕೊಟ್ಟು ಬನ್ನಿ. ಉತ್ತರ ಹೇಳಿಕೊಡಬೇಡಿ. ಯಾರು ಏನು ಮಾಡಿದರು, ಬಾಯಲ್ಲಿ ಏನು ಹೇಳಿದರು ಎನ್ನುವುದನ್ನು ಅವರ ಮಾತಿನಲ್ಲೇ ಬರೆದು ತನ್ನಿ. ಪಾಟಿಯ ಫೋಟೊ ಇದ್ದರೆ ಇನ್ನೂ ಒಳ್ಳೆಯದು. 18 ಎಂದು ಬರೆದ ಮಕ್ಕಳ ಪಾಟಿಯನ್ನು ಮಾತ್ರ ಬಿಟ್ಟು ಬರಬೇಡಿ. ನಾವು ಮೊದಲು ನೋಡುವುದು ಅದನ್ನೇ.