ನೀರು ಹೊರಳುವ ದಿಬ್ಬ: ಕಾಡು–ಕೆರೆಗಳ ನಡುವೆ ಒಂಟಿ ಸೈಕಲ್ ಪ್ರವಾಸ

ಸಭೆಯ ಹಿರಿಯರೇ, ಈ ಬಿಸಿಲಿನಲ್ಲೂ ಸೈಕಲ್ ತುಳಿದುಕೊಂಡೇ ಬಂದಿರುವ ಗೆಳೆಯರೇ,

ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ವಿಶ್ವಸಂಸ್ಥೆ 2018ರಲ್ಲಿ ಸಾರಿತು. ದಿನವನ್ನು ಗೊತ್ತುಮಾಡಿದವರು ಜೂನ್ ಆರಂಭದ ಕಲಬುರಗಿಯ ಮಧ್ಯಾಹ್ನವನ್ನು ಕಂಡವರಲ್ಲ ಎಂದು ಧೈರ್ಯವಾಗಿ ಹೇಳಬಹುದು. ನಮ್ಮ ಸಂಘಟಕರು ಕಂಡವರು. ಆದ್ದರಿಂದಲೇ ಇಂದು ಸವಾರಿಯನ್ನು ಕೈಬಿಟ್ಟು ಉಪನ್ಯಾಸವನ್ನು ಇಟ್ಟಿದ್ದಾರೆ.

ಕಳೆದ ಡಿಸೆಂಬರಿನಲ್ಲಿ ನಾನು ಇಲ್ಲಿಂದ ಚಿಂಚೋಳಿ, ಬೀದರ್, ಕಾರಂಜಾ, ಅಲ್ಲಿಂದ ತಿರುಗಿ ಯಾದಗಿರಿ, ಶಹಾಪುರ, ಸುರಪುರ ಹಾದು ಬೋನಾಳದ ಕೆರೆಯವರೆಗೆ ಹನ್ನೊಂದು ದಿನ ಒಬ್ಬನೇ ಸೈಕಲ್ ತುಳಿದೆ. ಹೊರಡುವ ಮೊದಲು ಕೇಳಿದವರೆಲ್ಲರದೂ ಒಂದೇ ಮಾತು: ಕಾಡು, ಕೆರೆ ನೋಡಬೇಕಾದರೆ ಮಲೆನಾಡಿಗೆ ಹೋಗಬೇಕು, ಬಿಸಿಲನಾಡಿನಲ್ಲಿ ಏನಿದೆ? ಈ ‘ಬಿಸಿಲನಾಡು’ ಎಂಬ ಪದದೊಡನೆ ನನಗೆ ಹಳೆಯ ಜಗಳವಿದೆ. ಬೇರೆಯವರು ನಮಗೆ ಇಟ್ಟ ಹೆಸರನ್ನು ನಾವು ಬಿರುದಿನಂತೆ ಹೊತ್ತು ತಿರುಗುತ್ತಿದ್ದೇವೆ. ಬಿಸಿಲು ಸುಳ್ಳಲ್ಲ, ಆದರೆ ಅದು ನಮ್ಮ ಸೀಮೆಯ ಅರ್ಧ ವರ್ತಮಾನ ಮಾತ್ರ. ಉಳಿದರ್ಧವು ಇಳಿಜಾರಿನಲ್ಲಿದೆ, ಮತ್ತು ಇಳಿಜಾರು ಕಾರಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಇದನ್ನು ಇನ್ನೂ ಎರಡು ಸಲ ಹೇಳಲಿದ್ದೇನೆ, ದಯವಿಟ್ಟು ಸಹಿಸಬೇಕು.

ಮೊದಲ ದಿನ ತೊಗರಿಯ ಹೊಲಗಳ ನಡುವಿನ ದಾರಿ. ಒಂದೆಡೆ ವಾಹನ ಹಾಯ್ದು ಕಾಳು ಬಿಡಲಿ ಎಂದು ರಸ್ತೆಯ ಮೇಲೆಯೇ ತೊಗರಿ ಹರವಿದ್ದರು. ನಾನು ಸಂಕೋಚದಿಂದ ಅಂಚಿಗೆ ಇಳಿದಾಗ ರೈತರೊಬ್ಬರು, ‘ಮ್ಯಾಲಿಂದೇ ಹೋಗ್ರಿ ಸರ, ನಿಮ್ಮ ಸೈಕಲ್ಲಿಗಿ ಒಂದ್ ಕಾಯಿನೂ ಒಡ್ಯಂಗಿಲ್ಲ’ ಎಂದು ನಕ್ಕರು. ಚೀಲಗಳೂ ನಾನೂ ಸೇರಿ ಒಂದು ಕ್ವಿಂಟಲ್ ತೂಗುತ್ತಿದ್ದೆವು. ಆದರೂ ಅವರ ಲೆಕ್ಕದಲ್ಲಿ ನಾವು ವಾಹನವೇ ಅಲ್ಲ.

ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ವಿಸ್ತೀರ್ಣ ಸುಮಾರು 134 ಚದರ ಕಿಲೋಮೀಟರ್. ಸಾಗುವಾನಿ, ಶ್ರೀಗಂಧ, ರಕ್ತಚಂದನ, ನಡುವೆ ಚಂದ್ರಂಪಳ್ಳಿಯ ಜಲಾಶಯ, ಕತ್ತೆಕಿರುಬ, ತೋಳ, ಇವುಗಳ ಪರಿಚಯ ಈ ಸಭೆಗೆ ಬೇಡ. ನನಗಂತೂ ತೋಳ ಕಾಣಲಿಲ್ಲ. ಜಾಲಿಯ ಮುಳ್ಳು ಕಂಡಿತು, ಅದೂ ಟೈರಿನೊಳಗೆ ಹೊಕ್ಕ ಮೇಲೆ. ಕುಂಚಾವರಂ ದಾರಿಯಲ್ಲಿ ಹಿಂದಿನ ಗಾಲಿಯ ಹವಾ ಹೋಯಿತು. ಬದಲಿ ಟ್ಯೂಬ್ ಹಾಕಿದೆ; ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಹೋಯಿತು. ಮೊದಲ ಮುಳ್ಳಿನ ಮುರಿದ ತುದಿ ಟೈರಿನಲ್ಲೇ ಉಳಿದಿತ್ತು, ನಾನು ಬೆರಳಾಡಿಸಿ ನೋಡಿರಲಿಲ್ಲ. ತೂತು ಹುಡುಕಲು ನೀರು ಬೇಕು, ಬಾಟಲಿಯಲ್ಲಿ ಕುಡಿಯುವಷ್ಟೂ ಇರಲಿಲ್ಲ. ಸೈಕಲ್ ನೂಕಿಕೊಂಡು ಒಂದು ತಾಂಡಾ ಸೇರಿದೆ.

ಅಲ್ಲೊಬ್ಬ ವಯಸ್ಸಾದ ತಾಯಿ ಕೊಡ ಇಳಿಸಿ ತಂಬಿಗೆ ತುಂಬ ನೀರು ಕೊಟ್ಟರು. ಅರ್ಧ ಕುಡಿದು, ಉಳಿದದ್ದನ್ನು ಒಂದು ಬೋಗುಣಿಗೆ ಹಾಕಿಕೊಡುವಿರಾ, ಟ್ಯೂಬ್ ಅದ್ದಿ ನೋಡಬೇಕು ಎಂದೆ. ಅವರು ತಂಬಿಗೆಯನ್ನು ಹಿಂದಕ್ಕೆ ತೆಗೆದುಕೊಂಡೇಬಿಟ್ಟರು. ‘ಯಪ್ಪಾ, ಇದು ಕುಡ್ಯಾ ನೀರು. ಇದರಾಗ ರಬ್ಬರ್ ಮುಳಗಸ್ತಾರೇನು?’ ನನಗೆ ನಾಚಿಕೆಯಾಯಿತು. ಆಮೇಲೆ ಅವರೇ ನನ್ನನ್ನು ಎಮ್ಮೆಯ ಬಾನಿಯ ಬಳಿಗೆ ಕರೆದೊಯ್ದು, ಎಮ್ಮೆಯನ್ನು ಆಚೆ ಸರಿಸಿ, ಪಕ್ಕದಲ್ಲೇ ಕುಳಿತರು. ನಾನು ಟ್ಯೂಬನ್ನು ಗೇಣು ಗೇಣಾಗಿ ಮುಳುಗಿಸುತ್ತಿದ್ದಾಗ ಗುಳ್ಳೆ ಎದ್ದದ್ದನ್ನು ಮೊದಲು ಕಂಡವರೂ ಅವರೇ. ಪ್ಯಾಚಿಗೆ ಹಚ್ಚಿದ ಸೊಲ್ಯೂಷನ್ ಅಂಟು ಆರುವ ತನಕ ನಾನು ಎತ್ತ ಹೊರಟಿದ್ದೇನೆಂದು ಕೇಳಿದರು. ಕೆರೆಗಳನ್ನು ನೋಡಲು ಎಂದೆ. ಬಹಳ ಹೊತ್ತು ಸುಮ್ಮನಿದ್ದು, ‘ಕೆರಿ ತೆಳಗ ಇರ್ತದ, ನೀ ಯಾಕ ಮ್ಯಾಲ ಬಂದಿ?’ ಎಂದರು. ನಮ್ಮೊಬ್ಬ ಗೆಳೆಯ ಜೊತೆಗಿದ್ದಿದ್ದರೆ ನಾವಿಬ್ಬರೂ ಪಂಪಿನ ವಿಷಯ ಜಗಳವಾಡುತ್ತಿದ್ದೆವು, ಆ ತಾಯಿ ಮಾತನಾಡುತ್ತಲೇ ಇರಲಿಲ್ಲ. ಒಬ್ಬನೇ ಏಕೆ ಹೋದೆ ಎಂದು ಕೇಳುವವರಿಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಅವರ ಪ್ರಶ್ನೆಗೆ ಮರುದಿನ ಬೀದರಿನ ದಾರಿಯಲ್ಲಿ ನನ್ನ ತೊಡೆಗಳು ಉತ್ತರ ಹೇಳತೊಡಗಿದವು. ಬೀದರ್ ನಗರವು ಕಲಬುರಗಿಗಿಂತ 150 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಚಿಂಚೋಳಿಯ ನೀರು ಮುಲ್ಲಾಮಾರಿ ಸೇರಿ, ಕಾಗಿಣಾ, ಭೀಮೆಯರ ಮೂಲಕ ಕೃಷ್ಣೆಗೆ ಹೋಗುತ್ತದೆ. ಬೀದರಿನ ಕಾರಂಜಾ ನದಿಯು ಮಾಂಜ್ರಾ ಸೇರಿ ಗೋದಾವರಿಗೆ ಹೋಗುತ್ತದೆ. ಎಂದ ಮೇಲೆ ಈ ದಾರಿಯ ಯಾವುದೋ ಒಂದು ದಿಬ್ಬದಲ್ಲಿ, ಒಂದೇ ಮಳೆಯ ಹನಿಗಳು ಅತ್ತ ಒಂದು, ಇತ್ತ ಒಂದು ಬಿದ್ದು, ಎರಡು ಮಹಾನದಿಗಳ ಪಾಲಾಗಬೇಕಲ್ಲವೇ? ಅಲ್ಲಿ ಯಾವ ಫಲಕವೂ ಇಲ್ಲ. ತುಳಿದು ತುಳಿದು ಉಸಿರು ಕಟ್ಟಿ, ಒಮ್ಮೆಲೇ ಪೆಡಲು ಹಗುರಾದಾಗ, ಇದೇ ಇರಬಹುದು ಎಂದು ಇಳಿದು ನಿಂತೆ. ಸ್ವಲ್ಪ ದೂರದಲ್ಲಿ ಮತ್ತೆ ಏರು ಬಂತು, ಮತ್ತೆ ಇಳಿದೆ. ಹೀಗೆ ಮೂರು ಸಲ ಕೃಷ್ಣೆಯನ್ನು ಬೀಳ್ಕೊಟ್ಟೆ. ಎರಡನೆಯ ಸಲ ಹೇಳುತ್ತಿದ್ದೇನೆ: ಕೆರೆಯ ಏರಿಯ ಮೇಲೆ ನಿಂತು ಫೋಟೋ ತೆಗೆದವರು ಕೆರೆಯ ಬಾಲವನ್ನಷ್ಟೇ ನೋಡಿದ್ದಾರೆ, ಅದರ ತಲೆ ಮೇಲಿನ ಕಾಡಿನಲ್ಲಿದೆ.

ಬೀದರಿನಲ್ಲಿ ಇದನ್ನು ಐದು ಶತಮಾನಗಳ ಹಿಂದೆಯೇ ಬಲ್ಲವರಿದ್ದರು. ಮೇಲೆ ನೀರು ಹೀರುವ ಜಂಬಿಟ್ಟಿಗೆ, ಕೆಳಗೆ ನೀರು ಬಿಡದ ಕಪ್ಪು ಬಂಡೆ. ಇಂಗಿದ ಮಳೆ ಈ ಎರಡರ ಸಂದಿಯಲ್ಲಿ ಸರಿಯುತ್ತದೆ. ಬಹಮನಿಯರ ಕಾಲದ ಕರೇಜ್ ಎಂಬ ಸುರಂಗ ಕಾಲುವೆಯು ನೌಬಾದಿನಲ್ಲಿ ಆ ನೀರನ್ನು ಇಳಿಜಾರಿನ ಬಲದಿಂದಲೇ ಸಾಗಿಸುತ್ತಿತ್ತು. ಅಲ್ಲಿ ಆ ಸುರಂಗದ ಮೇಲೆ ಬಾಯ್ದೆರೆದ ಬಾವಿಗಳ ಸಾಲಿನ ಪಕ್ಕದಲ್ಲಿ ಸೈಕಲ್ ಬಿಟ್ಟುಕೊಂಡು ಹೋದರೆ ತುಳಿಯುವ ಕೆಲಸವೇ ಇಲ್ಲ. ಚಕ್ರವೂ ನೀರೂ ಒಂದೇ ದಿಕ್ಕಿಗೆ ಹೊರಳುತ್ತವೆ.

ಅಧ್ಯಕ್ಷರಿಂದ ಚೀಟಿ ಬಂದಿದೆ. ಐದು ನಿಮಿಷವೆಂದು ಬರೆದು ಅಡಿಗೆರೆ ಎಳೆದಿದ್ದಾರೆ. ಕಾರಂಜಾದ ಹಿನ್ನೀರು, ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಎದುರುಗಾಳಿಯೊಡನೆ ಮಾಡಿದ ಒಂದು ಇಡೀ ದಿನದ ವ್ಯಾಜ್ಯ, ಇವನ್ನು ಬಿಡುತ್ತೇನೆ. ಬೋನಾಳವನ್ನು ಮಾತ್ರ ಬಿಡಲಾರೆ.

ಸುರಪುರದ ಅರಸ ಪಾಮನಾಯಕ 17ನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆ ಅದು. ಸಂಜೆ ನಾನು ಮುಟ್ಟುವ ಹೊತ್ತಿಗೆ ಪಟ್ಟೆತಲೆಯ ಹೆಬ್ಬಾತುಗಳು ಗದ್ದೆಗಳತ್ತ ಏಳುತ್ತಿದ್ದವು. ಹಿಮಾಲಯ ದಾಟಿ ಬಂದ ಹಕ್ಕಿಗಳ ಎದುರು ನನ್ನ ಹನ್ನೊಂದು ದಿನಗಳ ಲೆಕ್ಕ ಹೇಳಲು ಬಾಯಿ ಬರಲಿಲ್ಲ. ಬಿಸಿಲನಾಡಿನಲ್ಲಿ ಏನಿದೆ ಎಂದು ಅವನ್ನು ಯಾರೂ ಕೇಳಿದಂತಿಲ್ಲ. ಇದು ಮೂರನೆಯ ಸಲ, ಮಾತು ಉಳಿಸಿಕೊಂಡಿದ್ದೇನೆ.

ಸಲಕರಣೆಗಳ ಬಗ್ಗೆ ಯುವಕರು ಚೀಟಿ ಕಳುಹಿಸಿದ್ದಾರೆ. ಎರಡು ಟ್ಯೂಬ್, ಪಂಪು, ಪ್ಯಾಚು, ಚೈನಿಗೆ ಎಣ್ಣೆ ಸಾಕು. ಮುಳ್ಳು ಕಿತ್ತ ಮೇಲೆ ಟೈರಿನ ಒಳಗೆ ಬೆರಳಾಡಿಸುವುದನ್ನು ಮರೆಯಬೇಡಿ. ಕುಂಚಾವರಂ ಕಡೆಗೆ ಹೋಗುವವರು ಟ್ಯೂಬ್ ಅದ್ದಲು ಒಂದು ಹಳೆಯ ಡಬ್ಬಿಯನ್ನೂ, ಅದಕ್ಕೆ ಬೇಕಾದ ನೀರನ್ನೂ ಮನೆಯಿಂದಲೇ ಒಯ್ಯಿರಿ.