ಬಂಡೆಯ ಬುಡದ ಮೈದಾನ

ಎಲ್ಲರಿಗೂ ನಮಸ್ಕಾರ.

ವೇಲ್ಸ್‌ನ ಈಶಾನ್ಯ ಮೂಲೆಯಲ್ಲಿ, ರೆಕ್ಸ್‌ಹ್ಯಾಮ್‌ಗೆ ದಕ್ಷಿಣದಲ್ಲಿ, ಕೆವ್ನ್ ಮೌರ್ ಅಂತ ಒಂದು ಹಳ್ಳಿ ಇದೆ. ವೆಲ್ಷ್ ಭಾಷೆಯಲ್ಲಿ ಕೆವ್ನ್ ಅಂದರೆ ಬೆನ್ನು, ಮೌರ್ ಅಂದರೆ ದೊಡ್ಡದು. ಹೆಸರಿಗೆ ತಕ್ಕ ಹಾಗೆ ಊರು ಗುಡ್ಡದ ಬೆನ್ನ ಮೇಲೇ ಕೂತಿದೆ. ಪಕ್ಕದ ರೋಸಮೆಡ್ರೆಯಲ್ಲಿ ಒಂದು ಫುಟ್‌ಬಾಲ್ ಮೈದಾನ. ಅದನ್ನು ‘ದ ರಾಕ್’ ಅಂತ ಕರೆಯುತ್ತಾರೆ. ಹಳೇ ಕಲ್ಲುಗಣಿಯೊಳಗೆ ಮಾಡಿದ ಮೈದಾನ ಅದು. ಒಂದು ಕಡೆ ಕಡಿದ ಬಂಡೆ ಗೋಡೆಯಂತೆ ನೆಟ್ಟಗೆ ನಿಂತಿದೆ. ಅದರ ಬುಡದಲ್ಲಿ ಹಸಿರು ಹುಲ್ಲು, ಬಿಳಿ ಗೆರೆ, ಎರಡು ಗೋಲ್ ಕಂಬ.

ಇಲ್ಲಿ ಆಡಿದ್ದು ಕೆವ್ನ್ ಡ್ರೂಯಿಡ್ಸ್ ಅನ್ನೋ ತಂಡ. ಡ್ರೂಯಿಡ್ ಅಂದರೆ ಹಳೇ ಕೆಲ್ಟಿಕ್ ಜನರ ಪುರೋಹಿತ. ಊರಿನ ಕಡೆ ಈ ತಂಡಕ್ಕೆ ‘ಪುರಾತನರು’ ಅಂತಲೇ ಅಡ್ಡಹೆಸರು. ಸುಮ್ನೆ ಬಂದ ಹೆಸರಲ್ಲ. ವೇಲ್ಸ್‌ನ ಫುಟ್‌ಬಾಲ್ ಹುಟ್ಟಿದ್ದು ಈ ಹಳ್ಳಿಗಳ ಸುತ್ತ ಅನ್ನುವುದು ನನ್ನ ನಂಬಿಕೆ. ಯಾಕೆ ಅಂತ ಹೇಳುತ್ತೇನೆ.

1860ರ ದಶಕದ ಕೊನೆ. ಕಲ್ಲಿದ್ದಲು, ಕಬ್ಬಿಣ, ಮರಳುಗಲ್ಲು, ಹೆಂಚಿನ ಮಣ್ಣು, ಎಲ್ಲವೂ ಒಂದೇ ಗುಡ್ಡದಲ್ಲಿ. ಕೆಲಸ ಜಾಸ್ತಿ, ದುಡಿಯುವ ಹುಡುಗರೂ ಜಾಸ್ತಿ. ಪ್ಲಾಸ್ ಮ್ಯಾಡಕ್‌ನಲ್ಲಿ ಥಾಮ್ಸನ್ ಅಣ್ಣತಮ್ಮಂದಿರು ಒಂದು ತಂಡ ಕಟ್ಟಿದರು. ಅಲ್ಲೇ ಹತ್ತಿರದ ರುವಾಬನ್‌ನ ವಕೀಲ ಲೆವೆಲಿನ್ ಕೆನ್ರಿಕ್ ಅದರ ಜತೆ ಸುತ್ತಲಿನ ತಂಡಗಳನ್ನೂ ಸೇರಿಸಿದರು. ಹೀಗೆ 1870ರ ದಶಕದ ಶುರುವಿನಲ್ಲಿ ಡ್ರೂಯಿಡ್ಸ್ ಹುಟ್ಟಿತು.

ಕೆನ್ರಿಕ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. 1876ರ ಜನವರಿಯಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ವೇಲ್ಸ್ ಪರ ಆಡುವವರು ಬನ್ನಿ ಅಂತ ಕರೆದರು. ಫೆಬ್ರವರಿಯಲ್ಲಿ ರೆಕ್ಸ್‌ಹ್ಯಾಮ್‌ನ ಒಂದು ಹೋಟೆಲಿನಲ್ಲಿ ಸಭೆ ಸೇರಿ ವೇಲ್ಸ್ ಫುಟ್‌ಬಾಲ್ ಸಂಸ್ಥೆಯನ್ನು ಕಟ್ಟಿದರು. ಇಂಗ್ಲೆಂಡ್, ಸ್ಕಾಟ್ಲೆಂಡ್ ಬಿಟ್ಟರೆ ಜಗತ್ತಿಗೇ ಹಳೆಯ ಸಂಸ್ಥೆ ಅದು. ಮಾರ್ಚ್ 25ಕ್ಕೆ ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಮೊದಲ ಪಂದ್ಯ. ನಾಯಕ ಕೆನ್ರಿಕ್ಕೇ. ತಂಡದಲ್ಲಿ ಡ್ರೂಯಿಡ್ಸ್ ಹುಡುಗರು ಹಲವರು. 4-0 ಅಂತರದಲ್ಲಿ ಸೋತರು. ಆದರೆ ಒಬ್ಬ ಹಳ್ಳಿ ವಕೀಲ ಎರಡೇ ತಿಂಗಳಲ್ಲಿ ಒಂದು ದೇಶಕ್ಕೆ ತಂಡ ಕಟ್ಟಿಕೊಟ್ಟಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

1878ರಲ್ಲಿ ಮೊದಲ ವೆಲ್ಷ್ ಕಪ್ ಫೈನಲ್. ಡ್ರೂಯಿಡ್ಸ್ ಎದುರು ರೆಕ್ಸ್‌ಹ್ಯಾಮ್. ಕೊನೇ ಗಳಿಗೆಯ ಒಂದೇ ಗೋಲಿನಿಂದ ಡ್ರೂಯಿಡ್ಸ್ ಸೋತಿತು. ಗೆದ್ದವರಿಗೆ ಕೊಡಲು ಕಪ್ಪೇ ಇರಲಿಲ್ಲ! ಸಂಸ್ಥೆಯ ಹತ್ತಿರ ದುಡ್ಡಿಲ್ಲದೆ ಕಪ್ ಮಾರನೇ ವರ್ಷ ಬಂತು.

ಆಮೇಲೆ ಡ್ರೂಯಿಡ್ಸ್ ಕಾಲ. 1880, 81, 82ರಲ್ಲಿ ಸತತ ಮೂರು ಕಪ್. 1883ರಲ್ಲಿ ಇಂಗ್ಲೆಂಡಿನ ಎಫ್‌.ಎ. ಕಪ್‌ನಲ್ಲಿ ಬೋಲ್ಟನ್ ವಾಂಡರರ್ಸ್ ತಂಡವನ್ನು ಸೋಲಿಸಿ ಕ್ವಾರ್ಟರ್ ಫೈನಲ್ ತನಕ ಹೋದರು. ಅಲ್ಲಿ ಅವರನ್ನು ಸೋಲಿಸಿದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಕೊನೆಗೆ ಕಪ್ಪನ್ನೇ ಗೆದ್ದಿತು. ಹತ್ತಿರದಲ್ಲೇ ಇರುವ ಚರ್ಕ್ ಅನ್ನೋ ಗಣಿಹಳ್ಳಿಯೂ ಕಮ್ಮಿ ಇರಲಿಲ್ಲ. ಹನ್ನೆರಡನೇ ವಯಸ್ಸಿಗೇ ಗಣಿಗೆ ಇಳಿದ, ಮುಂದೆ ಜಗತ್ತು ಮೆಚ್ಚಿದ ಬಿಲ್ಲಿ ಮೆರೆಡಿತ್ ಅಲ್ಲಿನ ಹುಡುಗ. ವೆಲ್ಷ್ ಕಪ್‌ನ ಮೊದಲ 17 ವರ್ಷದಲ್ಲಿ ಈ ಎರಡು ಹಳ್ಳಿಗಳಿಗೇ ಹತ್ತು ಕಪ್ ಹೋದವು. ಒಂದಕ್ಕೆ ಐದು, ಇನ್ನೊಂದಕ್ಕೆ ಐದು. ಊರಲ್ಲೇ ಇಷ್ಟು ಆಟ ಇದ್ದರೆ ದೇಶಕ್ಕೆ ತಂಡ ಸಿಗದೇ ಇರುತ್ತಾ?

1904ರಲ್ಲಿ ಡ್ರೂಯಿಡ್ಸ್ ಎಂಟನೇ ಕಪ್ ಗೆದ್ದಿತು. ಅದೇ ಕೊನೆಯದು. ದುಡ್ಡು ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ ಪಟ್ಟಣದ ಕ್ಲಬ್ಬುಗಳ ಮುಂದೆ ಹಳ್ಳಿ ತಂಡ ಎಷ್ಟು ದಿನ ನಿಲ್ಲುತ್ತೆ, ಹೇಳಿ? ಮುಂದೆ ಬೇರೆ ತಂಡಗಳ ಜತೆ ಸೇರಿ ಸೇರಿಯೇ ಉಳಿಯಿತು. 1992ರಲ್ಲಿ ಕೆವ್ನ್ ಆಲ್ಬಿಯನ್ ಜತೆ ಕೂಡಿ ಈಗಿನ ಹೆಸರು ಪಡೆಯಿತು. 1999ರಲ್ಲಿ ಮೇಲಿನ ಲೀಗ್‌ಗೆ ಏರಿದಾಗ ತಂಡದ ಹೆಸರು ಫ್ಲೆಕ್ಸಿಸ್ ಕೆವ್ನ್ ಡ್ರೂಯಿಡ್ಸ್. ಫ್ಲೆಕ್ಸಿಸ್ ಅನ್ನೋದು ಊರಿನ ರಾಸಾಯನಿಕ ಕಾರ್ಖಾನೆಯ ಹೆಸರು. 1867ರಲ್ಲಿ ಗ್ರೇಸರ್ ಅನ್ನೋ ಜರ್ಮನ್ ರಸಾಯನತಜ್ಞ ಶುರುಮಾಡಿ, ಮುಂದೆ ಮೊನ್ಸಾಂಟೋ ಕೈಗೆ ಹೋಗಿ, ತಲೆಮಾರುಗಳಿಗೆ ಅನ್ನ ಕೊಟ್ಟ ಕಾರ್ಖಾನೆ. 2010ರಲ್ಲಿ ಅದು ಮುಚ್ಚಿತು. ಅದೇ ವರ್ಷ ತಂಡ ದ ರಾಕ್‌ಗೆ ಬಂತು, ಅದೇ ವರ್ಷ ಕೆಳಗಿನ ಲೀಗ್‌ಗೂ ಇಳಿಯಿತು.

ಆದರೆ 2012ರಲ್ಲಿ ಆ ಎರಡನೇ ದರ್ಜೆಯ ತಂಡವೇ ವೆಲ್ಷ್ ಕಪ್ ಫೈನಲ್ ತಲುಪಿತು, 108 ವರ್ಷದ ಮೇಲೆ. ಅಲ್ಲಿ 2-0 ಅಂತರದಲ್ಲಿ ಸೋತಿತು. ಗೆದ್ದ ಟಿ.ಎನ್‌.ಎಸ್. (ದ ನ್ಯೂ ಸೇಂಟ್ಸ್) ತಂಡ ಲೀಗ್ ಚಾಂಪಿಯನ್ ಕೂಡ ಆಗಿದ್ದರಿಂದ, ಕಪ್ ಗೆದ್ದವರಿಗಿದ್ದ ಯುರೋಪಾ ಲೀಗ್ (ಯುರೋಪಿನ ಕ್ಲಬ್ಬುಗಳ ಟೂರ್ನಿ) ಅರ್ಹತಾ ಸುತ್ತಿನ ಜಾಗ ಡ್ರೂಯಿಡ್ಸ್‌ಗೆ ಸಿಕ್ಕಿತು. ಮುಂದೆ ಮತ್ತೆ ಮೇಲಿನ ಲೀಗ್‌ಗೆ ಏರಿ 2018ರಲ್ಲಿ ಇನ್ನೊಮ್ಮೆ ಯುರೋಪಾ ಲೀಗ್ ಆಡಿದರು, 2022ರಲ್ಲಿ ಮತ್ತೆ ಕೆಳಗಿಳಿದರು. ಆದರೆ ನನ್ನ ಮನಸ್ಸು ನಿಲ್ಲುವುದು 2012ರ ಆ ಜುಲೈ ಸಂಜೆಯ ಮೇಲೆ.

ಎದುರಾಳಿ ಫಿನ್ಲೆಂಡಿನ ಮೈಪಾ. ಅದೂ ಮ್ಯೂಲ್ಯುಕೊಸ್ಕಿ ಅನ್ನೋ ಸಣ್ಣ ಊರಿನ ತಂಡ. ಆ ಊರಿನ ಕಾಗದದ ಕಾರ್ಖಾನೆ ಹಿಂದಿನ ಡಿಸೆಂಬರ್‌ನಲ್ಲಷ್ಟೇ ಮುಚ್ಚಿತ್ತು. ಕಾರ್ಖಾನೆ ಕಳೆದುಕೊಂಡ ಎರಡು ಊರುಗಳು ಎದುರುಬದುರು. ಡ್ರೂಯಿಡ್ಸ್ ತನ್ನ ತವರು ಪಂದ್ಯವನ್ನು ರೆಕ್ಸ್‌ಹ್ಯಾಮ್‌ನ ರೇಸ್‌ಕೋರ್ಸ್ ಮೈದಾನದಲ್ಲಿ ಆಡಿತು. 1877ರಲ್ಲಿ ವೇಲ್ಸ್ ತನ್ನ ನೆಲದ ಮೊದಲ ಪಂದ್ಯ ಆಡಿದ್ದೂ ಅಲ್ಲೇ. ಆ ಸಂಜೆ 0-0. ಮುಂದಿನ ವಾರ ಫಿನ್ಲೆಂಡಿನಲ್ಲಿ 5-0 ಸೋಲು. ಅಲ್ಲಿಂದ ಅವರು ಮತ್ತೆ ಬಂಡೆಯ ಬುಡದ ಮೈದಾನಕ್ಕೆ ಬಂದರು, ಎರಡನೇ ದರ್ಜೆಯ ಲೀಗ್ ಆಡಲು.

ನಮಸ್ಕಾರ.