ತಿಂಗಳ ಹೊಟ್ಟೆನೋವಿಗೆ ಕಾವು, ಶುಂಠಿ, ನಡಿಗೆ: ಎಲ್ಲಿಯವರೆಗೆ ನಂಬಬಹುದು?

[ದೃಶ್ಯ: ಮುಂಜಾನೆಯ ದಾವಣಗೆರೆ, ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಒಂದು ಕೋಣೆ]

ನಮಸ್ಕಾರ. ದಾವಣಗೆರೆಯ ಹೆಣ್ಣುಮಕ್ಕಳ ಹಾಸ್ಟೆಲ್ಲುಗಳಲ್ಲಿ, ಕಾಲೇಜಿಗೆ ಹೊರಡುವ ಗಡಿಬಿಡಿಯ ನಡುವೆಯೂ, ಮೊಣಕಾಲನ್ನು ಎದೆಗವಚಿಕೊಂಡು ಮಲಗಿಯೇ ಇರುವ ಹುಡುಗಿಯೊಬ್ಬಳು ಒಂದಲ್ಲ ಒಂದು ಕೋಣೆಯಲ್ಲಿ ಇರುತ್ತಾಳೆ. ಏನಾಯಿತೆಂದು ಗೆಳತಿಯರು ಕೇಳುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ಮಾತ್ರೆಯಿಲ್ಲದೆ ಈ ನೋವನ್ನು ಎಷ್ಟರಮಟ್ಟಿಗೆ ತಗ್ಗಿಸಬಹುದು ಎಂಬುದನ್ನು ಇಂದು ನೋಡೋಣ.

ಮುಟ್ಟು ಶುರುವಾಗುವ ಹೊತ್ತಿಗೆ ಗರ್ಭಕೋಶದ ಒಳಪದರ ಕಳಚತೊಡಗುತ್ತದೆ. ಆಗ ಆ ಪದರದಿಂದ ಬಿಡುಗಡೆಯಾಗುವ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕವು ಗರ್ಭಕೋಶದ ಸ್ನಾಯುವನ್ನು ಒದ್ದೆಬಟ್ಟೆ ಹಿಂಡಿದಂತೆ ಬಿಗಿಮಾಡುತ್ತದೆ. ಬಿಗಿದ ಸ್ನಾಯುವಿನಲ್ಲಿ ರಕ್ತ ಸರಾಗವಾಗಿ ಹರಿಯದೆ ನೋವು ಹುಟ್ಟುತ್ತದೆ. ಇದೇ ರಾಸಾಯನಿಕ ಕರುಳಿನ ಮೇಲೂ ಕೆಲಸ ಮಾಡುವುದರಿಂದ ಕೆಲವರಿಗೆ ಆ ದಿನ ವಾಕರಿಕೆಯೂ ಭೇದಿಯೂ ಆಗುತ್ತವೆ. ಬೇರೆ ಕಾಯಿಲೆಯಿಲ್ಲದೆ ಬರುವ ಇಂಥ ನೋವು ಸಾಮಾನ್ಯವಾಗಿ 1ರಿಂದ 3 ದಿನಗಳಲ್ಲಿ ಇಳಿಯುತ್ತದೆ.

[ದೃಶ್ಯ: ಒಲೆಯ ಮೇಲಿನ ಬಾಣಲೆಯಲ್ಲಿ ಹುರಿಯುತ್ತಿರುವ ಕಲ್ಲುಪ್ಪು]

ಮನೆಮದ್ದುಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ಹೇಳುವುದು ಕಾವು ಕೊಡುವುದನ್ನು. ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ಕಿಬ್ಬೊಟ್ಟೆಗೆ ಶಾಖ ಕೊಡುತ್ತಿದ್ದ ಅಜ್ಜಿಯರ ಅನುಭವಕ್ಕೆ ವಿಜ್ಞಾನದ ಬೆಂಬಲವೂ ಇದೆ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ದಿನಕ್ಕೆ 12 ಗಂಟೆ ಹೊಟ್ಟೆಗೆ ಕಟ್ಟಿಕೊಂಡವರಿಗೆ ಐಬುಪ್ರೊಫೆನ್ ಮಾತ್ರೆ ನುಂಗಿದವರಷ್ಟೇ ಆರಾಮ ಸಿಕ್ಕಿತ್ತು. 39 ಡಿಗ್ರಿ ಎಂದರೆ ಮೈ ಬಿಸಿಗಿಂತ ಸ್ವಲ್ಪವೇ ಹೆಚ್ಚು ಎಂಬುದನ್ನು ದಯವಿಟ್ಟು ಗಮನಿಸಿ. ಹೆಚ್ಚು ಸುಟ್ಟರೆ ಹೆಚ್ಚು ಗುಣವೆಂದು ತಿಳಿದು ಕುದಿಯುವ ನೀರನ್ನೇ ರಬ್ಬರ್ ಚೀಲಕ್ಕೆ ಸುರಿಯುವವರಿದ್ದಾರೆ. ಇದರಿಂದ ಬೊಬ್ಬೆ ಏಳುತ್ತದೆ, ತಿಂಗಳು ತಿಂಗಳೂ ಅತಿಯಾಗಿ ಬಿಸಿ ತಾಗಿದರೆ ಹೊಟ್ಟೆಯ ಚರ್ಮದ ಮೇಲೆ ಬಲೆಯಂಥ ಕಂದು ಗುರುತು ಮೂಡುತ್ತದೆ. ಚೀಲದ ಮೂರರಲ್ಲಿ ಎರಡು ಪಾಲು ಮಾತ್ರ ಬಿಸಿನೀರು ತುಂಬಿ, ಗಾಳಿ ಹೊರಹಾಕಿ, ಮುಚ್ಚಳ ಬಿಗಿದು, ಟವೆಲ್ಲಿನಲ್ಲಿ ಸುತ್ತಿ, 15ರಿಂದ 20 ನಿಮಿಷ ಕಿಬ್ಬೊಟ್ಟೆಯ ಮೇಲೋ ಸೊಂಟದ ಕೆಳಗೋ ಇಟ್ಟುಕೊಳ್ಳಿ. ನಿದ್ದೆಗೆ ಜಾರುವ ಮುನ್ನ ತೆಗೆದಿಡಿ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯಿಂದ ಹೊರಗೆ ಉಳಿಯುವ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಬೆಚ್ಚಗಿರುವುದೇ ಔಷಧವಾಗಬೇಕಾದ ದಿನದಲ್ಲಿ ಹೆಣ್ಣುಮಗಳೊಬ್ಬಳನ್ನು ತಣ್ಣನೆಯ ನೆಲದ ಮೇಲೆ ಮಲಗಿಸಿದರೆ, ಈ ವಿಡಿಯೋದಲ್ಲಿ ಹೇಳುವ ಯಾವ ಉಪಾಯವೂ ಅವಳನ್ನು ತಲುಪುವುದಿಲ್ಲ.

[ದೃಶ್ಯ: ಜಜ್ಜಿದ ಶುಂಠಿ, ಕುದಿಯುತ್ತಿರುವ ಕಷಾಯ]

ಶುಂಠಿಯ ಬಗ್ಗೆಯೂ ಹಲವು ಅಧ್ಯಯನಗಳು ನಡೆದಿವೆ. ಮುಟ್ಟಿನ ಮೊದಲ 3-4 ದಿನ, ದಿನಕ್ಕೆ 750ರಿಂದ 2,000 ಮಿಲಿಗ್ರಾಂ ಶುಂಠಿಪುಡಿ ತೆಗೆದುಕೊಂಡವರಲ್ಲಿ ನೋವು ತಗ್ಗಿದ್ದು ಕಂಡುಬಂದಿದೆ. 2,000 ಮಿಲಿಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಸಣ್ಣ ಚಮಚ ಒಣಶುಂಠಿ ಪುಡಿ. ಅದನ್ನು ಎರಡು-ಮೂರು ಸಲಕ್ಕೆ ಹಂಚಿ, ಬೆಲ್ಲದ ಕಷಾಯದಲ್ಲಿ ಕುಡಿಯಬಹುದು. ಎದೆಯುರಿ ಇರುವವರು ಕಡಿಮೆ ಮಾಡಬೇಕು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಓಮ, ಜೀರಿಗೆಯ ನೀರು ಹೊಟ್ಟೆಯುಬ್ಬರಕ್ಕೆ ಹಿತವೆನಿಸುತ್ತದೆ. ಎಳ್ಳು ಬೆಲ್ಲ ಕುಟ್ಟಿ ಮಾಡುವ ಚಿಗಳಿಯು ಒಳ್ಳೆಯ ಆಹಾರವೇ ಹೌದು, ಆದರೆ ತಿಂದ ಕೂಡಲೇ ನೋವು ನಿಲ್ಲುತ್ತದೆಂದು ಕಾಯಬೇಡಿ.

ನಡಿಗೆ, ಯೋಗ, ಈಜು ಮುಂತಾದ ವ್ಯಾಯಾಮದ ಫಲ ಒಂದೇ ದಿನದಲ್ಲಿ ಸಿಗುವುದಿಲ್ಲ. ವಾರಕ್ಕೆ ಮೂರು ಸಲವಾದರೂ 45ರಿಂದ 60 ನಿಮಿಷ ವ್ಯಾಯಾಮ ಮಾಡುವವರಲ್ಲಿ ಕೆಲವು ತಿಂಗಳುಗಳಲ್ಲಿ ನೋವು ಕಡಿಮೆಯಾಗುವುದನ್ನು ಅಧ್ಯಯನಗಳು ತೋರಿಸಿವೆ. ಸಂಜೆ ಕುಂದವಾಡ ಕೆರೆಯ ಏರಿಯ ಮೇಲೆ ಬಿರುಸಾಗಿ ನಡೆದರೂ ಸಾಕು. ಆದರೆ ಮುಟ್ಟಿನ ದಿನವೊಂದೇ ಅಲ್ಲ, ತಿಂಗಳಿಡೀ ನಡೆಯಬೇಕು.

ಮಾತ್ರೆಯನ್ನು ಶತ್ರುವೆಂದು ಭಾವಿಸುವುದು ಬೇಡ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಮೊದಲಾದವು ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆದರೆ ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಉಂಟಾಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರಲ್ಲಿ ಎಚ್ಚರಿಸಿದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರಂತೂ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಬಾರದು.

[ದೃಶ್ಯ: ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿರುವ ಕೈ]

ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟು ನಿಂತ ಮೇಲೂ ಉಳಿಯುವ ನೋವು, ಮಲಮೂತ್ರ ವಿಸರ್ಜನೆಯಲ್ಲೋ ಸಂಭೋಗದಲ್ಲೋ ಕಾಣುವ ನೋವು ಕಷಾಯದಿಂದ ಹೋಗುವಂಥದ್ದಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಅದರ ಹಿಂದಿರಬಹುದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10 ಪ್ರತಿಶತ ಮಂದಿಗೆ ಅದು ಇರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ, ಜ್ವರ ಬಂದರೆ, ಮುಟ್ಟು ತಪ್ಪಿದ ಮೇಲೆ ಒಮ್ಮೆಲೇ ನೋವು ಕಾಣಿಸಿದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಳಿದವರು ಎರಡು-ಮೂರು ತಿಂಗಳು ಮುಟ್ಟಿನ ದಿನಾಂಕ, ನೋವಿದ್ದ ಗಂಟೆಗಳು, ಬಳಸಿದ ಪ್ಯಾಡುಗಳ ಸಂಖ್ಯೆ ಬರೆದಿಟ್ಟು, ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲೋ ಸ್ತ್ರೀರೋಗ ತಜ್ಞರ ಮುಂದೆ ಆ ಹಾಳೆಯನ್ನು ಇಡಿ. ಜೊತೆಗೆ ತಾಯಿಯೋ ಅಕ್ಕನೋ ಬಂದರೆ, ಹೇಳಲು ನಾಚುವ ಹುಡುಗಿಗೂ ಬಾಯಿ ಬರುತ್ತದೆ.